ಕಿಟಕಿಯಿಂದ ಇಳಿಯುತ್ತಿದ್ದ ಬ್ಯಾಗುಗಳು

ಶೃಂಗೇರಿಯಿಂದ ಕೊಪ್ಪಕ್ಕೆ ಬರುವ ನಮ್ಮ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕಿದವರನ್ನು ಕಂಡು ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ. ಸೀಟು ಸಿಕ್ಕಿತೆಂದರೆ ತೊಡೆ ಖಾಲಿ ಇದೆ ಎಂದರ್ಥ. ಖಾಲಿ ತೊಡೆಯ ಮೇಲೆ ಬ್ಯಾಗು ಬಂದು ಕೂರುತ್ತದೆ. ನಿಂತಿರುವ ಶಾಲೆ ಮಕ್ಕಳ ಬ್ಯಾಗನ್ನು ಕೂತವರು ಹಿಡಿದುಕೊಳ್ಳಬೇಕೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಆದರೆ ಹೊಸ ಸೀರೆಯುಟ್ಟು ಮದುವೆಗೆ ಹೊರಟವರಿಗೂ ವಿನಾಯಿತಿ ಇಲ್ಲ. ಮಕ್ಕಳು ಕೇಳುವುದೂ ಇಲ್ಲ. ಬ್ಯಾಗನ್ನು ಭುಜದಿಂದ ಇಳಿಸಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಹತ್ತಿರದ ತೊಡೆಯ ಮೇಲೆ ಬಿಡುತ್ತವೆ. ಒಂದರ ಮೇಲೊಂದು ಏರಿ ಕಡೆಗೆ ಕೂತವರ ಮುಖವೇ ಕಾಣುವುದಿಲ್ಲ. ಕಂಡಕ್ಟರ್ ಬಂದು ಬ್ಯಾಗಿನ ರಾಶಿಗೆ "ಟಿಕೆಟ್" ಎಂದರೆ ರಾಶಿಯೊಳಗಿಂದ ಒಂದು ಕೈ ಹೊರಬರುತ್ತದೆ.

ನಾನು ಹತ್ತುವುದು ಅಡ್ಡಗದ್ದೆಯಲ್ಲಿ. ಕೊಪ್ಪದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ಕೆಲಸ. ಒಮ್ಮೆ ಯಾರದೋ ನೀರಿನ ಬಾಟಲಿ ನನ್ನ ತೊಡೆಯ ಮೇಲೆ ಸದ್ದಿಲ್ಲದೆ ಸೋರಿ, ಅವತ್ತು ಎಲ್ಲ ತರಗತಿಗಳಲ್ಲೂ ಮೇಜಿನ ಹಿಂದಿನಿಂದ ಅಲ್ಲಾಡದೆ ಪಾಠ ಮಾಡಿದ್ದೆ. ಇನ್ನೊಮ್ಮೆ ಸೋರಿದ್ದು ಮಜ್ಜಿಗೆಹುಳಿ. ಅವತ್ತು ರಜೆ ಹಾಕಿ ಮುಂದಿನ ಬಸ್ಸಿಗೆ ಮನೆಗೆ ವಾಪಸ್ಸಾದೆ. ಆದರೂ ಬ್ಯಾಗು ಬೇಡವೆನ್ನುವ ಧೈರ್ಯ ಬರಲಿಲ್ಲ. ನಾನೂ ಇದೇ ರಸ್ತೆಯಲ್ಲಿ ಓದಲು ಓಡಾಡಿದವಳು. ಎಷ್ಟು ಜನರ ತೊಡೆಗೆ ನನ್ನ ಬುತ್ತಿಯ ಸಾರು ಸೋರಿದೆಯೋ ಯಾರಿಗೆ ಗೊತ್ತು.

ಬ್ಯಾಗು ಹಿಡಿಯುವುದರಲ್ಲಿ ನಮ್ಮ ಬಸ್ಸಿನ ದೊರೆಯೆಂದರೆ ಸಾಹೇಬರು. ಕೊಪ್ಪದಲ್ಲಿ ಅವರದು ಚಪ್ಪಲಿ ಮತ್ತು ಬ್ಯಾಗಿನ ಅಂಗಡಿ. ಬಸ್ಸು ಹೊರಡುವ ಶೃಂಗೇರಿಯಲ್ಲೇ ಹತ್ತುವುದರಿಂದ ಎಡಗಡೆಯ ಕಿಟಕಿ ಪಕ್ಕದ ಸೀಟು ಅವರಿಗೆ ಖಾಯಂ. ಆಳು ದೊಡ್ಡವರು, ತೊಡೆ ವಿಶಾಲ, ಸ್ವಭಾವ ಅದಕ್ಕಿಂತ ವಿಶಾಲ. ಮಕ್ಕಳೆಲ್ಲ ಬ್ಯಾಗನ್ನು ಮೊದಲು ತರುತ್ತಿದ್ದುದು ಅವರ ಬಳಿಗೆ. ಅವರು ಒಂದೊಂದನ್ನೂ ತೆಗೆದುಕೊಂಡು ಮೂಸಿ, ಒಳಗಿನ ಬುತ್ತಿ ಯಾವುದೆಂದು ಹೇಳುತ್ತಿದ್ದರು.

"ಇವತ್ತು ಯಾರೋ ಒಣಮೀನಿನ ಚಟ್ನಿ ತಂದಿದಾರೆ. ಹೆಸ್ರು ಹೇಳ್ಲಾ?"

"ಬೇಡ ಸಾಹೇಬ್ರೆ, ಬೇಡ!" ಎಂದು ಹಿಂದಿನಿಂದ ಒಬ್ಬ ಹುಡುಗ ಕೂಗಿ, ತಾನೇ ಹೆಸರು ಹೇಳಿಕೊಂಡಂತಾಗಿ, ಇಡೀ ಬಸ್ಸು ನಗುತ್ತಿತ್ತು.

ನಮ್ಮ ರಸ್ತೆಯ ತಿರುವುಗಳನ್ನು ಕಂಡವರಿಗೆ ಗೊತ್ತು, ತೊಡೆಯ ಮೇಲೆ ಇಟ್ಟದ್ದು ಯಾವುದೂ ಅಲ್ಲೇ ಉಳಿಯುವುದಿಲ್ಲ. ಬ್ಯಾಗುಗಳು ಜಾರಬಾರದೆಂದು ಸಾಹೇಬರು ಅವುಗಳ ಪಟ್ಟಿಗಳನ್ನೆಲ್ಲ ತಮ್ಮ ಎಡಗೈಗೆ ಬಳೆಯ ಹಾಗೆ ತೊಟ್ಟುಕೊಳ್ಳುತ್ತಿದ್ದರು. ಇದು ಅವರೇ ಕಂಡುಹಿಡಿದ ಉಪಾಯ. ನೋಡಿದವರೆಲ್ಲ ಮೆಚ್ಚಿದ್ದರು. ನಾನೂ ಮೆಚ್ಚಿದ್ದೆ.

ಕೊಪ್ಪ ಪೇಟೆಯ ಅಂಚಿನ ಶಾಲೆಯ ಸ್ಟಾಪಿನಲ್ಲಿ ಬ್ಯಾಗು ವಾಪಸ್ಸು ಕೊಡುವ ಕ್ರಮವೂ ಒಂದಿತ್ತು. ಬಸ್ಸು ಗಿಜಿಗುಡುವುದರಿಂದ ಬೆನ್ನಿಗೆ ಬ್ಯಾಗು ಹೇರಿಕೊಂಡು ಬಾಗಿಲ ತನಕ ನುಗ್ಗುವುದು ಅಸಾಧ್ಯ. ಹಾಗಾಗಿ ಮಕ್ಕಳು ಬರಿಗೈಯಲ್ಲಿ ಇಳಿದು, ಬಸ್ಸಿನ ಪಕ್ಕಕ್ಕೆ ಬಂದು, ಕಿಟಕಿಯ ಕೆಳಗೆ ಕೈ ಎತ್ತಿ ನಿಲ್ಲುತ್ತಿದ್ದವು. ಒಳಗಿನವರು ಕಿಟಕಿಯಿಂದ ಬ್ಯಾಗು ಇಳಿಸುತ್ತಿದ್ದರು. "ನಂದು ನೀಲಿ, ನೀಲಿ!" "ಅದಲ್ಲ, ಗೊಂಬೆ ಇರೋದು!" ಎಂಬ ಕೂಗು. ಪಡಿತರ ಅಂಗಡಿಯ ಮುಂದೂ ಅಷ್ಟು ಗಲಾಟೆ ಇರಲಾರದು. ಕಡೆಯ ಬ್ಯಾಗು ಇಳಿದ ಮೇಲೆ ಯಾರಾದರೂ "ಆಯ್ತು" ಎನ್ನುತ್ತಿದ್ದರು, ಕಂಡಕ್ಟರ್ ವಿಶಿಲ್ ಊದುತ್ತಿದ್ದರು. ಆ "ಆಯ್ತು" ಹೇಳುವವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಯಾರೋ ಹೇಳುತ್ತಿದ್ದರು, ದಿನವೂ.

ಆ ದಿನ ಕಡೆಯದಾಗಿ ಉಳಿದದ್ದು ಹಿರೇಕೊಡಿಗೆ ಕಡೆಯಿಂದ ಹತ್ತುವ ಒಬ್ಬಳು ಹುಡುಗಿಯ ಬ್ಯಾಗು. ಒಂಬತ್ತನೇ ಕ್ಲಾಸಿನವಳು. ತಾಯಿ ತೋಟದ ಕೂಲಿಗೆ ಹೋಗುವವಳು. ಬ್ಯಾಗಿನ ಪಟ್ಟಿ ಎಂದೋ ಕಿತ್ತುಹೋಗಿ, ತಾಯಿ ಅದನ್ನು ಗೊಬ್ಬರದ ಚೀಲದ ದಾರದಲ್ಲಿ ಹೊಲಿದಿದ್ದಳು. ಸಾಹೇಬರು ಕಿಟಕಿಯಿಂದ ಎಡಗೈ ಹೊರಹಾಕಿ ಬ್ಯಾಗು ಇಳಿಸಿದರು. ಹುಡುಗಿ ದಿನದ ಅಭ್ಯಾಸದಂತೆ ಕೆಳಗಿನಿಂದಲೇ ಆ ಹೊಲಿದ ಪಟ್ಟಿಗೆ ತೋಳು ತೂರಿಸಿದಳು. ಇನ್ನೊಂದು ಪಟ್ಟಿ ಸಾಹೇಬರ ಮುಂಗೈಯಲ್ಲಿ, ಉಪಾಯದ ಬಳೆಯಾಗಿ, ಇನ್ನೂ ಇತ್ತು. ಅಷ್ಟರಲ್ಲಿ ಯಾರೋ "ಆಯ್ತು" ಎಂದರು. ಹಿಂದಿನ ಬಾಗಿಲಲ್ಲಿದ್ದ ಕಂಡಕ್ಟರ್ ಊದಿದರು. ಬಸ್ಸು ಹೊರಟಿತು.

ನಾನು ಸಾಹೇಬರ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕದಲ್ಲಿದ್ದೆ. ನನ್ನ ಸೀಟಿನ ಕೆಳಗೇ ಹಿಂದಿನ ಚಕ್ರ. ಅವಳು ಬಸ್ಸಿನ ಜೊತೆ ಓಡತೊಡಗಿದಳು. ಮೊದಲು ನಗುತ್ತಿದ್ದಳು. ಆ ನಗು ಇನ್ನೂ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಬಸ್ಸು ಈಗ ನಿಲ್ಲುತ್ತದೆ, ಆಮೇಲೆ ಇದು ಕ್ಲಾಸಿನಲ್ಲಿ ಹೇಳಿ ನಗುವ ಕತೆಯಾಗುತ್ತದೆ ಎಂಬಂಥ ನಗು. ಬಸ್ಸು ನಿಲ್ಲಲಿಲ್ಲ. ವೇಗ ಏರಿತು. ನಗು ಹಾಗೇ ಮುಖದ ಮೇಲಿತ್ತು, ಕಣ್ಣು ಮಾತ್ರ ಬೇರೆಯಾಯಿತು.

"ಬಿಡು ಮಗಾ, ಬಿಡು!" ಸಾಹೇಬರು ಕಿರುಚಿದರು.

"ನೀವ್ ಬಿಡಿ! ನೀವ್ ಬಿಡಿ!" ಅವಳು.

ಇಬ್ಬರೂ ಹಿಡಿದುಕೊಂಡಿರಲಿಲ್ಲ. ಪಟ್ಟಿಯೇ ಇಬ್ಬರನ್ನೂ ಹಿಡಿದುಕೊಂಡಿತ್ತು. ನಾನು ಕೂಗಬೇಕೆಂದು ಬಾಯಿ ತೆರೆದೆ. ದೊಡ್ಡ ತರಗತಿಯ ಕಡೆಯ ಬೆಂಚಿಗೂ ಕೇಳುವ ಹಾಗೆ ವರ್ಷಗಟ್ಟಲೆ ಕೂಗಿ ಪಳಗಿದ ಗಂಟಲು. ಗಾಳಿ ಮಾತ್ರ ಹೊರಬಂತು. ಆಗ ಗೊಬ್ಬರದ ಚೀಲದ ದಾರ ಹರಿಯಿತು. ಹುಡುಗಿ ಹಿಂದಕ್ಕೆ, ಚರಂಡಿಯ ಕಡೆಗೆ ಬಿದ್ದಳು. ಅವಳ ಬಲಗಾಲಿನ ಚಪ್ಪಲಿ ಚಕ್ರದ ಕಡೆಗೆ ಬಿತ್ತು. ಚಕ್ರ ಅದರ ಮೇಲೆ ಹರಿದದ್ದು ನನ್ನ ಸೀಟಿಗೆ ತಿಳಿಯಿತು. ಒಂದು ಸಣ್ಣ ಕುಲುಕು, ಅಷ್ಟೆ. ಚಪ್ಪಲಿಯೊಳಗೆ ಕಾಲು ಇಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಇಡೀ ಬಸ್ಸು ಬೊಬ್ಬೆ ಹೊಡೆದ ಮೇಲೆ ಡ್ರೈವರ್ ನಿಲ್ಲಿಸಿದರು. ನಾವೆಲ್ಲ ಇಳಿದು ಓಡಿದೆವು. ಹುಡುಗಿ ಚರಂಡಿಯ ಹುಲ್ಲಿನ ಮೇಲೆ ಎದ್ದು ಕೂತು, ಸಾಹೇಬರ ಕೈಯಲ್ಲಿ ನೇತಾಡುತ್ತಿದ್ದ ಬ್ಯಾಗನ್ನೇ ನೋಡುತ್ತಿದ್ದಳು.

"ಅಯ್ಯೋ, ಪಟ್ಟಿ ಹರ್ದೋಯ್ತು. ಅಮ್ಮ ಕೊಲ್ತಾಳೆ."

"ಜೀವ ಹೋಗ್ತಿತ್ತಲ್ಲೆ ಕೂಸೆ!" ಕಂಡಕ್ಟರಿಗೆ ಅಳುವೇ ಬಂದಿತ್ತು.

"ಜೀವಕ್ಕೆ ಎಂತ ಆಗ್ಲಿಲ್ಲ. ಇದಕ್ಕೆ ಎಂತ ಹೇಳೂದು ಮನೇಲಿ?"

ಮೊಣಕೈ ತರಚಿದ್ದು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಹೇಳಬಾರದೆಂದು ಅವಳು ಎಲ್ಲರಿಂದ ಮಾತು ತೆಗೆದುಕೊಂಡಳು. ಬಸ್ಸಿನ ತುಂಬ ಜನ ಒಂದೇ ದನಿಯಲ್ಲಿ ಒಪ್ಪಿದರು. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋದಳು. ಸಾಹೇಬರು ನಾನು ಕಂಡಂತೆ ಜೀವಮಾನದಲ್ಲಿ ಮೊದಲ ಸಲ ಓಡಿದರು. ಅಂಗಡಿಯ ಬಾಗಿಲು ಅರ್ಧ ತೆರೆದು, ಅವಳ ಅಳತೆಯ ಹೊಸ ಚಪ್ಪಲಿ ಎತ್ತಿ, ಶಾಲೆಗೆ ಕೊಟ್ಟುಬಂದರು.

ಗುಟ್ಟು ಸಂಜೆಯ ತನಕವೂ ಉಳಿಯಲಿಲ್ಲ. ಹರಿದ ಬ್ಯಾಗನ್ನು ಹುಡುಗಿ ಸೌದೆಯ ಹಿಂದೆ ಅಡಗಿಸಿಟ್ಟಿದ್ದಳಂತೆ. ಆದರೆ ಸಾಹೇಬರು ಗಡಿಬಿಡಿಯಲ್ಲಿ ಕೊಟ್ಟ ಚಪ್ಪಲಿಗಳು ಎರಡೂ ಎಡಗಾಲಿನವು. ತಾಯಿ ಅವನ್ನು ಜಗಲಿಯಲ್ಲಿ ಕಂಡು ಬಹಳ ಹೊತ್ತು ನೋಡಿ, ಎರಡೂ ಎಡಗಾಲಿನ ಚಪ್ಪಲಿ ಕೊಡಬೇಕಾದರೆ ಕೊಟ್ಟವನು ಏನನ್ನೋ ಕಂಡು ಹೆದರಿರಬೇಕು ಎಂದು ತೀರ್ಮಾನಿಸಿ, ಮಗಳನ್ನು ಕೂರಿಸಿಕೊಂಡು ಕೇಳಿದಳು. ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿಯೂ ಬಂತು. ಜೊತೆಗೆ ಯಾವುದೋ ಊರಿನ, ಮಗುಚಿ ಬಿದ್ದ, ನಮ್ಮದಲ್ಲದ ಬಸ್ಸಿನ ಫೋಟೊ.

ಮರುದಿನ ಹುಡುಗಿ ಸ್ಟಾಪಿನಲ್ಲಿರಲಿಲ್ಲ. ಅವಳ ನೆರೆಮನೆಯ ಹುಡುಗಿ ಹತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅವ್ಳು ಇನ್ ಬರಲ್ಲ. ಅವ್ಳಮ್ಮ ಶಾಲೆ ಬಿಡಿಸ್ತಾರಂತೆ. ಶಾಲೆ ಇಲ್ಲದಿದ್ರೂ ಜನ ಬದುಕ್ತಾರೆ, ಬಸ್ಸಿನಡಿ ಬಿದ್ರೆ ಬದುಕಲ್ಲ ಅಂದ್ರು."

ಆ ಹೊತ್ತಿಗೆ ಶಾಲೆಗೆ ಮುಟ್ಟುವ ಬಸ್ಸು ನಮ್ಮದೊಂದೇ. ಬಸ್ಸು ಬೇಡವೆಂದರೆ ಶಾಲೆಯೂ ಬೇಡವೆಂದ ಹಾಗೆ.

ಆಮೇಲೆ ಬಸ್ಸಿನಲ್ಲಿ ತಪ್ಪು ಯಾರದೆಂಬ ಪಂಚಾಯಿತಿ ಶುರುವಾಯಿತು. ಕಿಟಕಿಯಿಂದ ಬ್ಯಾಗು ಕೊಟ್ಟವರದು ಎಂದರು ಕಂಡಕ್ಟರ್. ನೋಡದೆ ಊದಿದವರದು ಎಂದರು ಪ್ರಯಾಣಿಕರು. ಕನ್ನಡಿಯಲ್ಲಿ ದಿನವೂ ಕಿಟಕಿಗಳಿಂದ ಬರೀ ಕೈಗಳೇ ಕಾಣುತ್ತವೆ, ಯಾವ ಕೈಯನ್ನು ನಂಬಲಿ ಎಂದರು ಡ್ರೈವರ್. "ಆಯ್ತು ಅಂದೋರು ಯಾರು? ಅದನ್ ಹೇಳಿ ಮೊದ್ಲು" ಎಂದು ಯಾರೋ ಕೇಳಿದಾಗ ಬಸ್ಸು ಪೂರ್ತಿ ಮೌನವಾಯಿತು. ಅಷ್ಟು ಶಾಂತವಾಗಿ ಆ ಬಸ್ಸು ಅದಕ್ಕೆ ಮೊದಲು ಎಂದೂ ಓಡಿರಲಿಲ್ಲ.

ಎಲ್ಲರೂ ಒಟ್ಟಿಗೇ ಸುಧಾರಿಸಲು ಹೊರಟಿದ್ದರಿಂದ ಪ್ರಯಾಣ ಇನ್ನಷ್ಟು ಅಪಾಯಕಾರಿಯಾಯಿತು. ಸಾಹೇಬರು ಬ್ಯಾಗು ಮುಟ್ಟುವುದನ್ನೇ ಬಿಟ್ಟು, ಕೈ ಕಟ್ಟಿಕೊಂಡು, ಖಾಲಿ ತೊಡೆಯಲ್ಲಿ ಸೂತಕದವರ ಹಾಗೆ ಕೂತರು. ಅವರನ್ನು ನೋಡಿ ಉಳಿದವರೂ ಬ್ಯಾಗು ತೆಗೆದುಕೊಳ್ಳಲು ಹಿಂಜರಿದರು. ಮಕ್ಕಳು ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡೇ ನಿಂತರು. ತಿರುವು ಬಂದಾಗ ಮಕ್ಕಳು ಬಾಗಿದರೆ ಬ್ಯಾಗು ಕೂತವರ ಕೆನ್ನೆಗೆ ಹೊಡೆಯುತ್ತಿತ್ತು. ಬೇಗಾರಿನಿಂದ ಶೃಂಗೇರಿಗೆ ಬಂದು ನಮ್ಮ ಬಸ್ಸು ಹಿಡಿಯುವ ಅಜ್ಜರೊಬ್ಬರಿಗೆ ಕನ್ನಡಕ ಹಾರಿಹೋಯಿತು. ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಇಳಿದು ಬಸ್ಸಿಗೆ ಒಂದು ಸುತ್ತು ಬಂದು, ಚಕ್ರಗಳ ಕೆಳಗೆ ಬಗ್ಗಿ ನೋಡಿ, ಆಮೇಲೆ ಊದುತ್ತಿದ್ದರು.

"ಪ್ರದಕ್ಷಿಣೆ ಆಯ್ತಾ ಮಾರಾಯ್ರೆ? ತೀರ್ಥ ಎಂತ ಇಲ್ವಾ?" ಎಂದು ಡ್ರೈವರ್ ಕೂಗುತ್ತಿದ್ದರು. ನಮ್ಮ ಹಿಂದೆ ಹೊರಡುವ, ನಡುವೆ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಬಸ್ಸು ದಿನವೂ ಹಾರನ್ ಹಾಕಿಕೊಂಡು ನಮ್ಮನ್ನು ದಾಟಿ ಹೋಗತೊಡಗಿತು.

ನನ್ನ ಸ್ಥಿತಿ ಇದಕ್ಕಿಂತ ಚೆನ್ನಾಗಿರಲಿಲ್ಲ. ವಿಶಿಲ್ ಕೇಳಿದ ಕೂಡಲೇ ಕಾಲಬೆರಳು ಮಡಚಿಕೊಳ್ಳುತ್ತಿದ್ದವು. ತರಗತಿಯಲ್ಲಿ ಜಡತ್ವದ ಪಾಠ ಬಂತು. ನಿಂತ ಬಸ್ಸು ತಟ್ಟನೆ ಹೊರಟರೆ ಏನಾಗುತ್ತದೆ ಎಂಬ ಉದಾಹರಣೆಯನ್ನು ಪ್ರತಿ ವರ್ಷ ಕೊಡುತ್ತಿದ್ದವಳು ಈ ವರ್ಷ ಎತ್ತಿನಗಾಡಿ ಎಂದೆ. ಎತ್ತು ತಟ್ಟನೆ ಹೊರಡುವುದಿಲ್ಲ ಮೇಡಂ ಎಂದು ಒಬ್ಬ ಹುಡುಗ ಎದ್ದು ನಿಂತ. ಅವನು ಹೇಳಿದ್ದು ಸರಿಯಾಗಿತ್ತು. ಬೋರ್ಡಿನ ಕಡೆ ತಿರುಗಿ ಏನೋ ಬರೆದೆ. ಬಸ್ಸಿನ ವೇಗ ಇಷ್ಟು, ಹುಡುಗಿಯ ವೇಗ ಇಷ್ಟು, ದಾರ ಹರಿಯಲು ಬೇಕಾದ ಬಲ ಇಷ್ಟು ಎಂದು ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಮಾಡುತ್ತಿದ್ದೆ. ದಾರ ಸ್ವಲ್ಪ ಗಟ್ಟಿ ಎಂದು ಇಟ್ಟುಕೊಂಡರೆ ಬರುವ ಉತ್ತರ ಬೇಡವಾಗಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಶನಿವಾರ ಬಸ್ಸಿನಿಂದ ಇಳಿಯುವಾಗ ಸಾಹೇಬರು ತಡೆದು ಹೇಳಿದರು: "ಮೇಡಂ, ನಾಳೆ ಆ ಮನೆಗೆ ಹೋಗಿ ಬರಣ. ನಂಗೆ ಅನ್ನ ಸೇರ್ತಿಲ್ಲ. ನೀವು ಓದಿದೋರು, ನಾಲ್ಕು ಮಾತು ಹೇಳಿ. ನಿಮ್ ಮಾತಿಗೆ ತೂಕ ಇರ್ತದೆ."

ಭಾನುವಾರ ಹೋದೆವು. ಸಾಹೇಬರ ಕೈಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಕವರು. ತೋಟದ ಅಂಚಿನಲ್ಲಿ ಸಾಲಾಗಿ ಕೆಲವು ಮನೆಗಳು. ಅಂಗಳದಲ್ಲಿ ತಾಯಿ ಸೌದೆ ಒಡೆಯುತ್ತಿದ್ದಳು. ನಮ್ಮನ್ನು ಕಂಡು ಕೊಡಲಿಯನ್ನು ಕೆಳಗಿಡದೆ ನಿಂತಳು. ಸಾಹೇಬರ ಕಣ್ಣು ಕೊಡಲಿಯ ಮೇಲೇ ಇತ್ತು.

"ಯಾರು ಬೇಕಿತ್ತು?"

"ಅಮ್ಮ, ನಾನು... ಬಸ್ಸಲ್ಲಿ ಬ್ಯಾಗು..."

"ಓ! ಎರಡೂ ಎಡಗಾಲಿನ ಚಪ್ಪಲಿ ಕೊಟ್ಟೋರು ನೀವಾ?"

"ಹೌದಮ್ಮ. ಕೈ ನಡುಗ್ತಿತ್ತು." ಸಾಹೇಬರು ಕವರಿಗೆ ಕೈಹಾಕಿ ತೆಗೆದರು. "ಬಲಗಾಲಿನವು ಎರಡೂ ತಂದಿದೀನಿ. ಅಂಗ್ಡೀಲಿ ಇಟ್ಕಂಡು ನಾನಾದ್ರೂ ಎಂತ ಮಾಡ್ಲಿ?"

ತಾಯಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡು, ಕೊಡಲಿಯನ್ನು ಗೋಡೆಗೆ ಒರಗಿಸಿ, ಚಾಪೆ ಹಾಸಿದಳು. ಬೆಲ್ಲದ ಕಾಫಿ ಬಂತು. ಹುಡುಗಿ ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು. ಧೈರ್ಯ ಬಂದು ಸಾಹೇಬರು ಕವರಿನಿಂದ ಹೊಸ ಶಾಲೆ ಬ್ಯಾಗು ತೆಗೆದು ಮುಂದಿಟ್ಟರು. ತಾಯಿ ಅದನ್ನು ಎತ್ತಿಕೊಂಡು, ಬ್ಯಾಗಿನ ಮೇಲೆ ಕಾಲಿಟ್ಟು, ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿದಳು. ಪಟ್ಟಿ ಜಗ್ಗಲಿಲ್ಲ.

"ಗಟ್ಟಿ ಇದೆ ಅಮ್ಮ, ನೋಡಿ!" ಸಾಹೇಬರೊಳಗಿನ ವ್ಯಾಪಾರಿ ಎದ್ದು ಕೂತ.

"ಹೌದು, ಗಟ್ಟಿ ಇದೆ. ಬೇಡ, ತಗಂಡ್ ಹೋಗಿ."

"ಎಂತಕೆ?"

"ಅವತ್ತಿಂದು ಇಷ್ಟ್ ಗಟ್ಟಿ ಇದ್ದಿದ್ರೆ ಇವತ್ತು ಇದನ್ನ ಯಾರ ಬೆನ್ನಿಗೆ ಹಾಕಕ್ಕೆ ತರ್ತಿದ್ರಿ?"

ಅದು ನನ್ನ ರಾತ್ರಿಯ ಲೆಕ್ಕದ ಉತ್ತರ. ಕಾಫಿ ಲೋಟ ಕೆಳಗಿಟ್ಟೆ. ಸಾಹೇಬರು ಬ್ಯಾಗನ್ನು ತಿರುವಿ ತಿರುವಿ ನೋಡಿ, ಅಕ್ಕಪಕ್ಕ ಯಾರಿಗೂ ಕೇಳಬಾರದೆಂಬ ಹಾಗೆ ದನಿ ತಗ್ಗಿಸಿದರು.

"ಅಮ್ಮ, ಅಂಗ್ಡಿಯೋನು ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಇದೂ ಎರಡು ತಿಂಗ್ಳಿಗೆ ಹರೀತದೆ. ಮಾರೋನು ನಾನೇ, ನಂಗೆ ಗೊತ್ತಿಲ್ವಾ?"

"ಎರಡು ತಿಂಗ್ಳ ತಂಕ ಎಂತ ಮಾಡೂದು?"

ಸಾಹೇಬರು ನನ್ನ ಕಡೆ ತಿರುಗಿದರು. "ಮೇಡಂ, ನೀವು ಹೇಳಿ."

ನಾನು ಶುರುಮಾಡಿದೆ. ದಿನವೂ ಎಷ್ಟೋ ಮಕ್ಕಳು ಎಷ್ಟೋ ಬಸ್ಸುಗಳಲ್ಲಿ ಓಡಾಡುತ್ತಾರೆ, ಇಂಥದ್ದು ಆಗುವುದು ಅಪರೂಪ, ಕಾರಣ ಗೊತ್ತಾದ ಮೇಲೆ ಅದನ್ನು ತಪ್ಪಿಸಬಹುದು, ಇತ್ಯಾದಿ. ತಾಯಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಮುಗಿದ ಮೇಲೆ ಕೇಳಿದಳು: "ನೀವೂ ಬಸ್ಸಲ್ಲಿದ್ರಾ?"

"ಇದ್ದೆ."

"ನೋಡಿದ್ರಾ?"

"ನೋಡಿದೆ."

"ಹೆದ್ರಿಕೆ ಆಯ್ತಾ?"

"ಇನ್ನೂ ಆಗ್ತಾ ಇದೆ" ಎಂದುಬಿಟ್ಟೆ.

"ನೋಡಿ! ಹೆತ್ತೋಳಲ್ಲ, ಎಂತಲ್ಲ, ನಿಮಗೇ ಹಿಂಗೆ!"

ಸಾಹೇಬರು ನನ್ನನ್ನು ನೋಡಿದ ನೋಟವನ್ನು ಬರೆಯುವುದು ಬೇಡ. "ಧೈರ್ಯ ಹೇಳಕ್ಕೆ ಅಂತ ಕರ್ಕಂಡ್ ಬಂದಿದ್ದು ಮೇಡಂ" ಎಂದು ಪಿಸುಗುಟ್ಟಿದರು.

ಬಾಗಿಲ ಹಿಂದಿನಿಂದ ಹುಡುಗಿ ಹೊರಬಂದಳು. "ನಾನ್ ಶಾಲೆಗೆ ಹೋಗ್ತೀನಿ ಅಮ್ಮ. ಮನೇಲಿದ್ರೆ ನೀನು ದರಗಿನ ಹೊರೆ ಹೊರಿಸ್ತೀಯ."

"ದರಗಿನ ಹೊರೆ ಮೈಮೇಲೆ ಬಿದ್ರೆ ಯಾರೂ ಸಾಯಲ್ಲ. ಒಣಗಿದೆಲೆ ಅದು."

"ಮತ್ತೆ ನಾನು ಟೆಂತ್ ಮುಗ್ಸಿ ಕಾಲೇಜಿಗೆ ಹೋಗೂದು ಹೆಂಗೆ? ದರಗಿನ ಮೇಲೆ ಕೂತ್ಕಂಡಾ?"

"ಬಾಯಿ ನೋಡಿ ಇದರದ್ದು!" ಎಂದು ತಾಯಿ ನಮಗೆ ಹೇಳಿದಳು. ಹೇಳುವಾಗ ಆ ಬಾಯಿಯ ಬಗ್ಗೆ ಅವಳಿಗೆ ಹೆಮ್ಮೆಯೂ ಇದ್ದಂತೆ ಕಂಡಿತು. ಕಡೆಗೆ ತೀರ್ಪು ಕೊಟ್ಟಳು: "ನಾಳೆ ನಾನೂ ಬತ್ತೀನಿ ಬಸ್ಸಿಗೆ. ಕಣ್ಣಾರೆ ನೋಡ್ತೀನಿ. ಸರಿ ಕಾಣ್ದಿದ್ರೆ ಅಲ್ಲೇ ಕೈ ಹಿಡ್ದು ಇಳಿಸ್ಕಂಡ್ ಬತ್ತೀನಿ. ಆಮೇಲೆ ಯಾರೂ ಕಾಫಿಗೆ ಬರ್ಬೇಡಿ."

ಸಾಹೇಬರು ರಸ್ತೆಗೆ ಬರುವುದರೊಳಗೆ ಕಂಡಕ್ಟರಿಗೆ ಫೋನ್ ಮಾಡಿದರು. ಬ್ಯಾಗನ್ನು ಜಗಲಿಯ ಮೇಲೆ ಮರೆತವರ ಹಾಗೆ ಬಿಟ್ಟು ಬಂದಿದ್ದರು.

ಸೋಮವಾರ ನಮ್ಮ ಬಸ್ಸಿನ ಗುರುತೇ ಸಿಗಲಿಲ್ಲ. ಡ್ರೈವರ್ ಗಾಜು ಒರೆಸಿದ್ದರು. ಕಂಡಕ್ಟರ್ ಗಡ್ಡ ಬೋಳಿಸಿದ್ದರು. ಫುಟ್‌ಬೋರ್ಡಿನ ಮೇಲೆ ಒಬ್ಬರೂ ಇಲ್ಲ. ಹತ್ತುವವರು ಇಳಿಯುವವರಿಗೆ ದಾರಿ ಬಿಡುವುದು, ಇಳಿಯುವವರು ಹತ್ತುವವರಿಗೆ ದಾರಿ ಬಿಡುವುದು, ಹೀಗೆ ಮರ್ಯಾದೆ ವಿಪರೀತವಾಗಿ ಒಂದೊಂದು ಸ್ಟಾಪಿನಲ್ಲೂ ಬಾಗಿಲು ಕಟ್ಟಿಕೊಂಡಿತು. "ನೀವ್ ಹೋಗಿ." "ಇಲ್ಲ, ನೀವ್ ಹೋಗಿ." "ಯಾರಾದ್ರೂ ಒಬ್ರು ಹೋಗಿ ಮಾರಾಯ್ರೆ!" ಎಂದು ಕಂಡಕ್ಟರ್ ಬೇಡಿಕೊಂಡರು. ಬ್ಯಾಗಿನ ವಿಷಯಕ್ಕೂ ಒಂದು ತೀರ್ಮಾನವಾಗಿತ್ತು. ಕೂತವರು ಮೊದಲಿನ ಹಾಗೆ ಬ್ಯಾಗು ಹಿಡಿಯಬೇಕು, ಆದರೆ ಪಟ್ಟಿಗೆ ಕೈ ತೂರಿಸಬಾರದು. ಶಾಲೆಯ ಸ್ಟಾಪಿಗೆ ಮೊದಲಿನ ತಿರುವಿನಲ್ಲೇ ಒಳಗೊಳಗೇ ವಾಪಸ್ಸು ಕೊಡಬೇಕು. ಮಕ್ಕಳು ಅದನ್ನು ಎದೆಗೆ ಅಪ್ಪಿಕೊಂಡು ಒಬ್ಬೊಬ್ಬರಾಗಿ ಇಳಿಯಬೇಕು. ಕಿಟಕಿಯಿಂದ ಬೆರಳೂ ಹೊರಗೆ ಹೋಗಬಾರದು.

ಹಿರೇಕೊಡಿಗೆ ಕಡೆಯ ಸ್ಟಾಪಿನಲ್ಲಿ ತಾಯಿ ಮಗಳು ಹತ್ತಿದರು. ಹುಡುಗಿಯ ಬೆನ್ನಿಗೆ ಆ ಹೊಸ ಬ್ಯಾಗು. ತಾಯಿಗೆ ನನ್ನ ಸಾಲಿನಲ್ಲೇ, ಬಲಗಡೆಯ ಕಿಟಕಿಯ ಪಕ್ಕ, ಯಾರೋ ಜಾಗ ಬಿಟ್ಟುಕೊಟ್ಟರು. ಅವಳು ಇನ್ಸ್‌ಪೆಕ್ಟರ್ ಹಾಗೆ ಮೇಲೆ ಕೆಳಗೆ ನೋಡುತ್ತಾ ಕೂತಳು. ಕೂತ ಕೂಡಲೇ, ಯಾರೂ ಊಹಿಸದಿದ್ದುದು ನಡೆಯಿತು. ಐದನೇ ಕ್ಲಾಸಿನ ಒಂದು ಮಾಣಿ, ಇದೆಲ್ಲದರ ಅರಿವಿಲ್ಲದೆ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ತನ್ನ ಬ್ಯಾಗನ್ನು ಅವಳ ತೊಡೆಯ ಮೇಲೆ ಬಿಟ್ಟಿತು. ತಾಯಿ ಬ್ಯಾಗನ್ನು ನೋಡಿದಳು, ಮಾಣಿಯನ್ನು ನೋಡಿದಳು. ಆಮೇಲೆ ಮಗುವನ್ನು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡಳು.

ಎಲ್ಲ ಚೆನ್ನಾಗಿಯೇ ಇತ್ತು, ತಿರುವುಗಳು ಬರುವ ತನಕ. ಪೇಟೆಗೆ ಬರುವುದೇ ಅಪರೂಪವಾದ, ಬಂದರೂ ತೋಟದ ಪಿಕಪ್ಪಿನ ಹಿಂದೆ ಗಾಳಿಗೆ ಮುಖ ಒಡ್ಡಿ ನಿಂತು ಬರುವ ಅವಳಿಗೆ, ಮುಚ್ಚಿದ ಬಸ್ಸಿನ ಡೀಸೆಲ್ ವಾಸನೆಯಲ್ಲಿ ಓಲಾಡಿ ಅಭ್ಯಾಸವಿರಲಿಲ್ಲ. ಮೊದಲು ಮಾತು ನಿಂತಿತು. ಆಮೇಲೆ ಮುಖದ ಬಣ್ಣ ಹೋಯಿತು. ಮಾಣಿಯ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು ಕಣ್ಣು ಮುಚ್ಚಿದಳು. ಮಾಣಿಗೆ ತನ್ನ ಬುತ್ತಿಯ ಚಿಂತೆ ಹತ್ತಿತು.

ಹುಡುಗಿ ನಿಂತಲ್ಲಿಂದಲೇ ಕಂಡಳು. ಜನರ ನಡುವೆ ನುಗ್ಗಲಿಲ್ಲ. "ಒಂಚೂರು ಜಾಗ ಬಿಡಿ, ಅಮ್ಮಂಗೆ ವಾಂತಿ ಬರ್ತದೆ" ಎಂದಳು. ಇದಕ್ಕಿಂತ ಬೇಗ ಜಾಗ ಮಾಡಿಸುವ ಮಾತು ಕನ್ನಡದಲ್ಲಿ ಇಲ್ಲ. ಬಂದವಳು ಮಾಣಿಯ ಬ್ಯಾಗನ್ನು ಬಿಡಿಸಿ ನನ್ನ ತೊಡೆಗೆ ಹಾಕಿದಳು. ತನ್ನ ಬ್ಯಾಗನ್ನೂ ಹಾಕಿದಳು. "ಸಾಹೇಬ್ರೆ, ಕವರ್ ಇದ್ಯಾ?" ಎಂದಳು. ಅಂಗಡಿಯವರ ಜೇಬಿನಲ್ಲಿ ಕವರು ಇಲ್ಲದೆ ಇರುತ್ತದೆಯೇ. "ಅಮ್ಮ, ತಲೆ ಹೊರಗೆ ಹಾಕ್ಬೇಡ. ಎದುರಿಂದ ಲಾರಿ ಬರ್ತದೆ. ಇದ್ರಲ್ಲಿ ಮಾಡು." ಆಮೇಲೆ ಕಂಡಕ್ಟರಿಗೆ: "ಅಗಲ ಇರೋ ಕಡೆ ನಿಲ್ಸಿ. ತಿರುವಲ್ಲಿ ಬೇಡ."

ರಸ್ತೆ ಅಗಲವಾದ ಕಡೆ ಬಸ್ಸು ನಿಂತಿತು. ಪೂರ್ತಿ ನಿಲ್ಲುವ ತನಕ ಅವಳು ತಾಯಿಯನ್ನು ಏಳಲು ಬಿಡಲಿಲ್ಲ. ನೆಪ ಸಿಕ್ಕಿತೆಂದು ಇಳಿಯಲು ಬಂದ ಹುಡುಗರನ್ನು "ನೀವೆಲ್ಲಿಗೆ? ಕೂತ್ಕಳ್ರೋ!" ಎಂದು ಬಾಗಿಲಿಗೆ ಅಡ್ಡ ಕೈಹಿಡಿದು ತಡೆದಳು. ಕಂಡಕ್ಟರಿಗೆ ಹೇಳಿದಳು: "ನಾನ್ ಹತ್ತಿ ಹೇಳೂ ತಂಕ ಊದ್ಬೇಡಿ."

"ಇಲ್ಲ ಕೂಸೆ" ಎಂದು ಅವರು ವಿಶಿಲನ್ನು ಬಾಯಿಂದ ತೆಗೆದು ಜೇಬಿಗೇ ಹಾಕಿಕೊಂಡರು.

ತಾಯಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಮಗಳು ಮುಖಕ್ಕೆ ನೀರು ಹಾಕಿ, ಸೆರಗಿನಿಂದ ಒರೆಸಿ, ಬೆನ್ನು ನೀವಿದಳು. ಹಿಂದಿನ ಬಸ್ಸು ಹಾರನ್ ಹೊ‌ಡೆಯುತ್ತಾ ದಾಟಿ ಹೋಯಿತು. ಡ್ರೈವರ್ ಅದರ ಕಡೆ ನೋಡಲೂ ಇಲ್ಲ. ಬಸ್ಸಿನ ಎಲ್ಲ ಕಿಟಕಿಗಳಲ್ಲಿ ಮುಖಗಳು. ಗಾಜಿನ ಒಳಗೇ.

"ಅಮ್ಮ, ಆಯ್ತಾ? ಇನ್ನೊಂಚೂರು ಕೂರ್ತೀಯಾ?"

ತಾಯಿ ತಲೆಯೆತ್ತಿ ಮಗಳನ್ನು ನೋಡಿದಳು. ಮತ್ತೆ ಕವರಿಗೆ ಕೈಚಾಚಿದಳು.

ಉಳಿದ ದಾರಿಯುದ್ದಕ್ಕೂ ತಾಯಿಯ ತಪಾಸಣೆ ಕಣ್ಣು ಮುಚ್ಚಿಕೊಂಡೇ ನಡೆಯಿತು. ಶಾಲೆಗೆ ಮೊದಲಿನ ತಿರುವಿನಲ್ಲಿ ಬ್ಯಾಗುಗಳು ಕೈಯಿಂದ ಕೈಗೆ ಹೋಗುವ ಸದ್ದಾದಾಗ "ಎಂತ ಅದು?" ಎಂದು ಕೇಳಿದಳು.

"ಬ್ಯಾಗ್ ವಾಪಸ್ ಕೊಡ್ತಿದಾರೆ. ಒಳಗೇ."

"ನಿಂದು?"

"ನನ್ ಹತ್ರನೇ ಇದೆ."

"ಕೈ ಸಿಕ್ಕಿಸ್ಕಂಡಿಲ್ಲ ತಾನೆ?"

"ಇಲ್ಲ. ಮಗು ಎತ್ಕಂಡಂಗೆ ಎತ್ಕಂಡಿದೀನಿ."

ಸ್ಟಾಪು ಬಂತು. ಮಕ್ಕಳು ಒಬ್ಬೊಬ್ಬರಾಗಿ ಇಳಿದು, ಬಸ್ಸಿನಿಂದ ದೂರ, ಶಾಲೆಯ ಕಾಂಪೌಂಡಿನ ಕಡೆಗೆ ಹೋದರು. ತಾಯಿಯೂ ಇಳಿದಳು. ಕಂಡಕ್ಟರ್ ಇಳಿದು ಎಡಬದಿಯ ಉದ್ದಕ್ಕೂ ನೋಡಿದರು. ಬಗ್ಗಿ ಚಕ್ರದ ಕೆಳಗೂ ನೋಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಇನ್ನೂ ಊದಲಿಲ್ಲ. ತಾಯಿಯ ಮುಂದೆ ಹೋಗಿ, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗೆ ನಿಂತರು.

"ಅಮ್ಮ, ಹೆಂಗೆ? ಕೂಸು ಸಂಜೆ ಬಸ್ಸಿಗೆ ಬರ್ಬೋದಾ?"

ತಾಯಿ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಬಸ್ಸನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದಳು. ಸಾಹೇಬರು ಕಿಟಕಿಯ ಒಳಗೆ ಕೈಕಟ್ಟಿ ಕೂತಿದ್ದರು.

"ಅವ್ಳು ಬರ್ಲಿ. ಅವ್ಳಿಗೆ ಇದೆಲ್ಲ ಬತ್ತದೆ. ಸಂಜೆಗೂ ಬರ್ಲಿ, ನಾಳೆಗೂ ಬರ್ಲಿ."

ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸುಮ್ಮನಿರಿಸಿದರು.

"ನೀವು? ಇನ್ನೊಂದ್ ಗಂಟೇಲಿ ನಾವೇ ವಾಪಸ್ ಬರ್ತೀವಿ. ಮುಂದಿನ ಸೀಟು ಇಟ್ಕಂಡಿರ್ತೀನಿ" ಎಂದರು ಕಂಡಕ್ಟರ್, ಸಂತೋಷ ತಡೆಯಲಾರದೆ.

"ನಂಗೆ ನಿಮ್ ಬಸ್ಸಿನ ಸಾವಾಸ ಬೇಡ ಮಾರಾಯ್ರೆ. ನಾನ್ ನಡ್ಕಂಡೇ ಹೋಗ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದ ದಾರಿಯಲ್ಲೇ ಹೊರಟಳು. ಕಾಂಪೌಂಡಿನ ಹತ್ತಿರ ಮುಟ್ಟಿದ್ದ ಹುಡುಗಿ ತಿರುಗಿ, ಕೈ ಬಾಯಿಗಿಟ್ಟುಕೊಂಡು, ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದಳು: "ಅಮ್ಮಾ, ಬಲಗಡೆಯಿಂದ ನಡಿ! ಬಸ್ ಬಂದ್ರೆ ಬದೀಗೆ ನಿಂತ್ಕ!"

ತಾಯಿ ತಿರುಗಿ ನೋಡದೆ ರಸ್ತೆಯ ಬಲಗಡೆಗೆ ಸರಿದಳು. ಕಂಡಕ್ಟರ್ ಹುಡುಗಿಯ ಕಡೆ ನೋಡಿದರು. ಅವಳು ತಲೆಯಾಡಿಸಿದ ಮೇಲೆ ಊದಿದರು.